ತಾಮ್ರದ ತಂತಿ ಮತ್ತು ಮನೆಯ ಬ್ರಾಡ್‌ಬ್ಯಾಂಡ್ ವೇಗ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಶಾಲೆಯಲ್ಲಿ ಕಲಿಸುವುದು ಉರ್ದು ಮತ್ತು ಕನ್ನಡ. ಭಾಷೆಯ ಪಾಠ ಹೇಳುವವರಿಗೆ ಟೆಲಿಫೋನ್ ತಂತಿಯ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇಂದು ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶ ಪರೀಕ್ಷೆಯ ನೋಂದಣಿ, ಫಲಿತಾಂಶ, ನೌಕರಿಯ ಅರ್ಜಿ ಎಲ್ಲವೂ ಇಂಟರ್‌ನೆಟ್ ಮೂಲಕವೇ ಹೋಗಬೇಕು. ಕೊನೆಯ ದಿನ ಪುಟ ತೆರೆಯದಿದ್ದರೆ ಒಂದು ವರ್ಷದ ಹಣ ಕೈ ತಪ್ಪುತ್ತದೆ. ಆಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, "ನಮ್ಮ ನಸೀಬೇ ಇಷ್ಟು." ಎರಡು, "ಇನ್ನೂ ದೊಡ್ಡ ಪ್ಲಾನ್ ಹಾಕಿಸೋಣ." ಎರಡೂ ಸರಿಯಾದ ಉತ್ತರಗಳಲ್ಲ. ವೇಗ ಕಡಿಮೆಯಾಗುವುದಕ್ಕೆ ಕಾರಣಗಳಿವೆ, ಅವುಗಳನ್ನು ಅಳೆಯಬಹುದು, ಅಳೆದ ಮೇಲೆ ಅವುಗಳಲ್ಲಿ ಅರ್ಧದಷ್ಟನ್ನು ನಾವೇ ಸರಿಪಡಿಸಬಹುದು. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ. ಇದಕ್ಕೆ ಉದಾಹರಣೆಯಾಗಿ ನಮ್ಮ ಭಾಗಕ್ಕೆ ಮೊದಲು ಬ್ರಾಡ್‌ಬ್ಯಾಂಡ್ ತಂದುಕೊಟ್ಟ ತಾಮ್ರದ ತಂತಿಯನ್ನೇ ತೆಗೆದುಕೊಂಡಿದ್ದೇನೆ.

ಮಾತಿಗಾಗಿ ಹಾಕಿದ ತಂತಿ

ಟೆಲಿಫೋನ್ ತಂತಿಯನ್ನು ಹಾಕಿದ್ದು ಮನುಷ್ಯನ ಮಾತು ಸಾಗಲೆಂದು. ಒಂದಕ್ಕೊಂದು ಹೊಸೆದ ಎರಡು ತೆಳು ತಾಮ್ರದ ಎಳೆಗಳು, ಅಷ್ಟೇ. ಹೀಗೆ ಹೊಸೆಯುವ ವಿಧಾನಕ್ಕೆ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಹೊಸೆದ ಎಳೆಗಳಲ್ಲಿ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ಕಳೆದುಹೋಗುತ್ತದೆ.

ಫೋನಿನಲ್ಲಿ ನಮ್ಮ ಮಾತಿಗೆ ಬೇಕಾಗುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳು ಮಾತ್ರ. ಹಳೆಯ ಡಯಲ್‌ಅಪ್ ಮೋಡೆಮ್ ಇಷ್ಟು ಚಿಕ್ಕ ಜಾಗದಲ್ಲಿಯೇ ಕೆಲಸ ಮಾಡಬೇಕಿತ್ತು. ಆದ್ದರಿಂದ ಅದರ ವೇಗ 56 ಕೆಬಿಪಿಎಸ್ ದಾಟಲಿಲ್ಲ, ಅದು ನಡೆಯುವಾಗ ಫೋನ್ ಮಾಡಲೂ ಬರುತ್ತಿರಲಿಲ್ಲ. ನಂತರ ಬಂದ ಎಡಿಎಸ್‌ಎಲ್ ಎಂಬ ವಿಧಾನ ಮಾತಿನ ಜಾಗವನ್ನು ಮಾತಿಗೇ ಬಿಟ್ಟು, ಅದರ ಮೇಲಿರುವ ಸುಮಾರು 26 ಕಿಲೋಹರ್ಟ್ಸ್‌ನಿಂದ 1104 ಕಿಲೋಹರ್ಟ್ಸ್‌ವರೆಗಿನ ಖಾಲಿ ಜಾಗವನ್ನು ಬಳಸಿತು. ಎಡಿಎಸ್‌ಎಲ್ 2 ಪ್ಲಸ್ ಇದನ್ನು 2208 ಕಿಲೋಹರ್ಟ್ಸ್‌ವರೆಗೆ ಹಿಗ್ಗಿಸಿತು. ಹೀಗೆ ಒಂದೇ ತಂತಿಯ ಮೇಲೆ ಫೋನ್ ಮತ್ತು ಇಂಟರ್‌ನೆಟ್ ಜೊತೆಜೊತೆಗೆ ಸಾಗಿದವು.

ಭಾರತ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತಾಮ್ರದ ತಂತಿಯ ಮೇಲೆ 'ಡೇಟಾ ಒನ್' ಸೇವೆ ಆರಂಭಿಸಿತು. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2013ರಲ್ಲಿ 512 ಕೆಬಿಪಿಎಸ್‌ಗೆ, 2023ರಲ್ಲಿ 2 ಎಂಬಿಪಿಎಸ್‌ಗೆ ಏರಿಸಲಾಯಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಲೆಕ್ಕವಿದೆ. ವೇಗವನ್ನು ಹೇಳುವುದು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಹೇಳುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 256 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 32 ಕಿಲೋಬೈಟ್ ಮಾತ್ರ. ಒಂದು ಮೆಗಾಬೈಟಿನ ಒಂದು ಫೋಟೊ ಇಳಿಯಲು ಸುಮಾರು ಅರ್ಧ ನಿಮಿಷ ಬೇಕು. "ಎಂಟು ಎಂಬಿ ಪ್ಲಾನ್ ಇದೆ, ಸೆಕೆಂಡಿಗೆ ಒಂದೇ ಎಂಬಿ ಬರುತ್ತಿದೆ, ಮೋಸವಾಗಿದೆ" ಎಂದು ಜಗಳಕ್ಕೆ ನಿಲ್ಲುವ ಮೊದಲು ಈ ಭಾಗಾಕಾರ ಮಾಡಿ ನೋಡಿ.

ಇಮ್ಲಾ ಮತ್ತು ಕೊನೆಯ ಬೆಂಚು

ವೇಗವನ್ನು ನಿರ್ಧರಿಸುವ ಮೊದಲ ಅಂಶ ದೂರ. ಇದನ್ನು ನನ್ನ ತರಗತಿಯ ಉದಾಹರಣೆಯಿಂದಲೇ ಹೇಳುತ್ತೇನೆ. ಉರ್ದು ತರಗತಿಯಲ್ಲಿ ಇಮ್ಲಾ, ಕನ್ನಡ ತರಗತಿಯಲ್ಲಿ ಉಕ್ತಲೇಖನ ಹೇಳುವಾಗ ಮೊದಲ ಬೆಂಚಿನವರು ವೇಗವಾಗಿ ಬರೆಯುತ್ತಾರೆ. ಕೊನೆಯ ಬೆಂಚಿಗೆ ದನಿ ಕ್ಷೀಣವಾಗಿ ತಲುಪುತ್ತದೆ, ಕಿಟಕಿಯಾಚೆಯ ಗದ್ದಲವೂ ಸೇರುತ್ತದೆ. ತಪ್ಪಿಲ್ಲದೆ ಬರೆಯಬೇಕಾದರೆ ಶಿಕ್ಷಕರು ನಿಧಾನವಾಗಿ ಹೇಳಬೇಕು. ಕೊನೆಯ ಬೆಂಚಿನ ಹುಡುಗ ದಡ್ಡನೆಂದು ಇದರ ಅರ್ಥವಲ್ಲ, ಅವನು ದೂರ ಕುಳಿತಿದ್ದಾನೆ ಅಷ್ಟೇ.

ಎಕ್ಸ್‌ಚೇಂಜಿನ ಉಪಕರಣ ಮತ್ತು ಮನೆಯ ಮೋಡೆಮ್ ಮಾಡುವುದೂ ಇದನ್ನೇ. ಎಡಿಎಸ್‌ಎಲ್ ತನ್ನ ಜಾಗವನ್ನು 256 ಚಿಕ್ಕ ಕಾಲುವೆಗಳಾಗಿ ಹಂಚುತ್ತದೆ. ಒಂದೊಂದು ಕಾಲುವೆಯ ಅಗಲ 4.3125 ಕಿಲೋಹರ್ಟ್ಸ್. ಮೋಡೆಮ್ ಚಾಲೂ ಮಾಡಿದಾಗ ದೀಪ ಒಂದೆರಡು ನಿಮಿಷ ಮಿನುಗುತ್ತದೆಯಲ್ಲ, ಆಗ ಎರಡೂ ಕಡೆಯವರು ಪ್ರತಿಯೊಂದು ಕಾಲುವೆಯಲ್ಲಿ ದನಿ ಎಷ್ಟಿದೆ, ಗದ್ದಲ ಎಷ್ಟಿದೆ ಎಂದು ಪರೀಕ್ಷಿಸುತ್ತಾರೆ. ದನಿ ಚೆನ್ನಾಗಿ ಕೇಳಿಸುವ ಕಾಲುವೆಯಲ್ಲಿ ಹೆಚ್ಚು ಬಿಟ್, ಕೇಳಿಸದ ಕಾಲುವೆಯಲ್ಲಿ ಕಡಿಮೆ, ಏನೂ ಕೇಳಿಸದ ಕಾಲುವೆ ಖಾಲಿ. ಇವೆಲ್ಲದರ ಮೊತ್ತವೇ ಆ ತಂತಿಯ ವೇಗ. ಪ್ಲಾನಿನ ಕಾಗದದಲ್ಲಿ ಬರೆದಿರುವುದು ಗರಿಷ್ಠ ಮಿತಿ ಮಾತ್ರ.

ದೂರ ಹೆಚ್ಚಿದಂತೆ ದನಿ ಎಷ್ಟು ಕುಗ್ಗುತ್ತದೆ? ಸಾಮಾನ್ಯ ಟೆಲಿಫೋನ್ ತಂತಿಯಲ್ಲಿ ಎಡಿಎಸ್‌ಎಲ್ ಸಂಕೇತ ಕಿಲೋಮೀಟರಿಗೆ ಸುಮಾರು 14 ಡೆಸಿಬಲ್‌ನಷ್ಟು ಕುಗ್ಗುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ಹತ್ತು ಡೆಸಿಬಲ್ ಎಂದರೆ ಶಕ್ತಿ ಹತ್ತನೇ ಒಂದು ಭಾಗವಾಗುವುದು. ಹದಿನಾಲ್ಕು ಡೆಸಿಬಲ್ ಎಂದರೆ ಸುಮಾರು ಇಪ್ಪತ್ತೈದನೇ ಒಂದು ಭಾಗ. ಐದು ಕಿಲೋಮೀಟರಿಗೆ 70 ಡೆಸಿಬಲ್, ಅಂದರೆ ಹೊರಟ ಶಕ್ತಿಯ ಒಂದು ಕೋಟಿಯಲ್ಲಿ ಒಂದು ಭಾಗ ಮನೆಗೆ ತಲುಪುತ್ತದೆ. ಮೇಲಿನ ಕಂಪನಗಳು ಇನ್ನೂ ಬೇಗ ಕುಗ್ಗುತ್ತವೆ. ಆದ್ದರಿಂದ ಎಡಿಎಸ್‌ಎಲ್ 2 ಪ್ಲಸ್‌ನಲ್ಲಿ ಪುಸ್ತಕದ ಲೆಕ್ಕ 24 ಎಂಬಿಪಿಎಸ್ ಇದ್ದರೂ ಅದು ಎಕ್ಸ್‌ಚೇಂಜಿನ ಹತ್ತಿರದವರಿಗೆ ಮಾತ್ರ ಸಿಗುವಂಥದ್ದು. ಮೂರು ಕಿಲೋಮೀಟರ್ ದಾಟುವಾಗ ಒಳ್ಳೆಯ ತಂತಿಯಲ್ಲಿಯೂ ಅದು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಐದು ಕಿಲೋಮೀಟರ್ ಆಚೆ ಸಂಪರ್ಕ ನಿಲ್ಲುವುದೇ ಕಷ್ಟ.

ತಂತಿಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 0.5 ಮಿಲಿಮೀಟರ್ ಎಳೆಯ ಜೋಡಿ ಕಿಲೋಮೀಟರಿಗೆ ಹೋಗಿಬರುವ ದಾರಿಯಲ್ಲಿ ಸುಮಾರು 175 ಓಂ ಅಡ್ಡಿ ಕೊಟ್ಟರೆ, 0.4 ಮಿಲಿಮೀಟರ್ ಎಳೆ ಸುಮಾರು 275 ಓಂ ಕೊಡುತ್ತದೆ. ಇನ್ನೊಂದು ಮಾತು. ಇಲ್ಲಿ ದೂರವೆಂದರೆ ಕಾಗೆ ಹಾರುವ ದೂರವಲ್ಲ, ತಂತಿ ಸುತ್ತಿ ಬರುವ ದೂರ. ಕಿಟಕಿಯಿಂದ ಎಕ್ಸ್‌ಚೇಂಜಿನ ಗೋಪುರ ಕಾಣುವ ಮನೆಗೂ ತಂತಿ ಎರಡು ಓಣಿ ಬಳಸಿ ಬಂದಿರಬಹುದು.

ಈಗ ನಮ್ಮ ನಾಲ್ಕು ಊರುಗಳನ್ನು ನೆನೆಯಿರಿ. ದಾಂಡೇಲಿ ಕಾಗದ ಕಾರ್ಖಾನೆಯ ಸುತ್ತ ಬೆಳೆದ ಪಟ್ಟಣ, ಮನೆಗಳು ಒತ್ತೊತ್ತಾಗಿವೆ. ಹಳಿಯಾಳ ಮತ್ತು ಮುಂಡಗೋಡ ಪೇಟೆಗಳೂ ಹಾಗೆಯೇ. ಆದರೆ ಪೇಟೆ ದಾಟಿದರೆ ಹಳ್ಳಿಗಳು ದೂರ ದೂರ. ಮುಂಡಗೋಡದ ಸಮೀಪ 1966ರಿಂದ ನೆಲೆಸಿರುವ ಟಿಬೆಟಿಯನ್ನರ ಕ್ಯಾಂಪುಗಳೂ ಒಂದರಿಂದ ಒಂದು ಅಂತರದಲ್ಲಿವೆ. ಜೋಯಿಡಾ ತಾಲೂಕಿನಲ್ಲಂತೂ ಕಾಡು, ಕಾಳಿ ನದಿ, ಸೂಪಾ ಅಣೆಕಟ್ಟಿನ ಹಿನ್ನೀರು, ಇವುಗಳ ನಡುವೆ ಐದಾರು ಮನೆಗಳ ಮಜಿರೆಗಳು. ಐದು ಕಿಲೋಮೀಟರಿನ ಈ ನಿಯಮ ಪೇಟೆಯ ಹುಡುಗನಿಗೆ ಕೇವಲ ವೇಗದ ಪ್ರಶ್ನೆ. ಮಜಿರೆಯ ಹುಡುಗಿಗೆ ಅದು ಇದೆಯೋ ಇಲ್ಲವೋ ಎಂಬ ಪ್ರಶ್ನೆ. ಅಲ್ಲಿ ಅರ್ಜಿ ತಡವಾದರೆ ಅದನ್ನು ಸೋಮಾರಿತನ ಎನ್ನುವ ಮೊದಲು ನಾವು, ಶಿಕ್ಷಕರು, ತಂತಿಯ ಉದ್ದ ಕೇಳಬೇಕು.

ಜಾಯಿಂಟ್, ಮಳೆ ಮತ್ತು ಕಿಲುಬು

ಎರಡನೆಯ ಅಂಶ ತಂತಿಯ ಆರೋಗ್ಯ. ಎಕ್ಸ್‌ಚೇಂಜಿನಿಂದ ಹೊರಟ ತಂತಿ ನೆಲದಡಿಯ ಕೇಬಲ್‌ನಲ್ಲಿ ಪಿಲ್ಲರ್ ಬಾಕ್ಸ್‌ಗೆ, ಅಲ್ಲಿಂದ ಕಂಬದ ಅಥವಾ ಗೋಡೆಯ ಡಿ.ಪಿ. ಡಬ್ಬಿಗೆ, ಅಲ್ಲಿಂದ ಡ್ರಾಪ್ ವೈರ್ ಮೂಲಕ ಮನೆಗೆ ಬರುತ್ತದೆ. ಪ್ರತಿ ಹಂತದಲ್ಲೂ ಒಂದು ಜಾಯಿಂಟ್. ನೆಲದಡಿಯ ಕೇಬಲ್‌ನೊಳಗೆ ನೀರು ಇಳಿಯಬಾರದೆಂದು ಎಳೆಗಳ ನಡುವೆ ಜೆಲ್ಲಿ ತುಂಬಿರುತ್ತಾರೆ. ಜಾಯಿಂಟ್ ಬಿಚ್ಚಿ ಸರಿಯಾಗಿ ಮುಚ್ಚದಿದ್ದರೆ ಆ ಜೆಲ್ಲಿಯಿಂದ ಪ್ರಯೋಜನವಿಲ್ಲ. ತೇವ ತಾಗಿದ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಹಿಡಿಯುವ ಅದೇ ಕಿಲುಬು. ಜೋಯಿಡಾ, ದಾಂಡೇಲಿ ಕಡೆಯ ಮಳೆಗಾಲ ಜಾಯಿಂಟುಗಳಿಗೆ ಎಂಥ ಪರೀಕ್ಷೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮರದ ಕೊಂಬೆಗೆ ಉಜ್ಜುವ ಡ್ರಾಪ್ ವೈರಿನ ಪಾಡೂ ಅಷ್ಟೇ.

ಇಲ್ಲಿ ಅನೇಕರು ಎಡವುತ್ತಾರೆ. "ಫೋನಿನಲ್ಲಿ ಮಾತು ಸ್ಪಷ್ಟವಾಗಿದೆ, ಆದ್ದರಿಂದ ಲೈನ್ ಸರಿಯಿದೆ" ಎನ್ನುತ್ತಾರೆ. ಮಾತು ಬಳಸುವುದು ಕೆಳಗಿನ ಕಂಪನಗಳನ್ನು. ಅರೆಬರೆ ಜಾಯಿಂಟಿನಲ್ಲೂ ಅವು ದಾಟಿ ಹೋಗುತ್ತವೆ. ಇದರ ವಿರುದ್ಧವೂ ಆಗುವುದುಂಟು. ಎರಡು ಎಳೆಗಳಲ್ಲಿ ಒಂದು ಕಡಿದರೆ ಫೋನ್ ಪೂರ್ತಿ ಸತ್ತಿರುತ್ತದೆ, ಆದರೆ ಮೇಲಿನ ಕಂಪನಗಳು ಚಿಕ್ಕ ಬಿರುಕನ್ನು ಹಾರಿ ಬರಬಲ್ಲವಾದ್ದರಿಂದ ಬ್ರಾಡ್‌ಬ್ಯಾಂಡ್ ಕುಂಟುತ್ತಾ ನಡೆಯುತ್ತಿರುತ್ತದೆ. ಮಳೆ ಬಂದ ದಿನ ವೇಗ ಕುಸಿದು, ಬಿಸಿಲು ಬಿದ್ದ ಎರಡು ದಿನಕ್ಕೆ ತಾನಾಗಿ ಸುಧಾರಿಸಿದರೆ ದೋಷ ಹೊರಗಿನ ಜಾಯಿಂಟಿನಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಗದ್ದಲ ಎಲ್ಲಿಂದ ಬರುತ್ತದೆ?

ಮೂರನೆಯ ಅಂಶ ಗದ್ದಲ. ಒಂದೇ ಕೇಬಲ್‌ನಲ್ಲಿ ಹತ್ತಾರು ಮನೆಗಳ ಎಳೆಗಳು ಒತ್ತಾಗಿ ಬರುತ್ತವೆ. ಪಕ್ಕದ ಮನೆಯ ಸಂಕೇತ ಸ್ವಲ್ಪ ನಮ್ಮ ತಂತಿಗೂ ಸೋರುತ್ತದೆ. ಓಣಿಯಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಹಾಳಾದ ಟ್ಯೂಬ್‌ಲೈಟ್ ಚೋಕ್, ನೀರಿನ ಪಂಪಿನ ಮೋಟರ್, ಅಗ್ಗದ ಚಾರ್ಜರ್ ಮುಂತಾದವೂ ಗದ್ದಲ ಎಬ್ಬಿಸುತ್ತವೆ. ತಂತಿಯನ್ನು ಕರೆಂಟಿನ ವೈರಿಗೆ ಅಂಟಿಸಿಕೊಂಡೇ ಎಳೆದಿದ್ದರೆ ತೊಂದರೆ ಇನ್ನೂ ಹೆಚ್ಚು.

ರೇಡಿಯೊ ಕೂಡ ಒಂದು ಕಾರಣ. ನಮ್ಮ ಹಿರಿಯರು ದಶಕಗಳ ಕಾಲ ಕೇಳಿದ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಕಂಪನ 765 ಕಿಲೋಹರ್ಟ್ಸ್. ಎಡಿಎಸ್‌ಎಲ್ ಬಳಸುವ 26ರಿಂದ 1104ರ ನಡುವೆಯೇ ಇದೂ ಬರುತ್ತದೆ. ಕಂಬದಿಂದ ಕಂಬಕ್ಕೆ ತೂಗುವ ಉದ್ದ ತಂತಿ ಒಂದು ಆಂಟೆನಾ ಇದ್ದಂತೆ. ಪ್ರಬಲ ರೇಡಿಯೊ ಕೇಂದ್ರದ ಅಲೆ ಅಂಥ ತಂತಿಗೆ ತಾಗಿದರೆ ಮೋಡೆಮ್ ಆ ಕಂಪನದ ಆಸುಪಾಸಿನ ಕಾಲುವೆಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಮೀಡಿಯಂ ವೇವ್ ಅಲೆಗಳು ರಾತ್ರಿ ಹೆಚ್ಚು ದೂರ ಸಾಗುತ್ತವೆ. ಮಗ್ರಿಬ್ ಆದ ಮೇಲೆ ನೆಟ್ ನಿಧಾನವಾಗುತ್ತದೆ ಎಂಬ ದೂರಿಗೆ ಇದೂ ಒಂದು ಕಾರಣವಾಗಬಹುದು. ಇನ್ನೊಂದು ಕಾರಣ ಸರಳ. ಆ ಹೊತ್ತಿಗೆ ಊರಿನ ಎಲ್ಲರೂ ನೆಟ್ ಬಳಸುತ್ತಾರೆ, ಎಕ್ಸ್‌ಚೇಂಜಿನಿಂದ ಆಚೆಗಿನ ದಾರಿ ಎಲ್ಲರಿಗೂ ಹಂಚಿಹೋಗುತ್ತದೆ.

ಮನೆಯ ಬಾಗಿಲಿನಿಂದ ಒಳಗೆ

ಇಲ್ಲಿಯವರೆಗೆ ಹೇಳಿದ್ದು ನಮ್ಮ ಕೈಯಲ್ಲಿ ಇಲ್ಲದ ಸಂಗತಿಗಳು. ಬಾಗಿಲಿನಿಂದ ಒಳಗಿರುವುದು ನಮ್ಮದೇ ಜವಾಬ್ದಾರಿ.

ಮಾತಿನ ಮತ್ತು ಇಂಟರ್‌ನೆಟ್‌ನ ಸಂಕೇತಗಳನ್ನು ಬೇರ್ಪಡಿಸಲು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಕೊಡುತ್ತಾರೆ. ಹೊರಗಿನಿಂದ ಬಂದ ತಂತಿ ಮೊದಲು ಇದಕ್ಕೇ ಸೇರಬೇಕು. ಇದಕ್ಕಿಂತ ಮೊದಲೇ ಇನ್ನೊಂದು ಕೋಣೆಗೆ ಫೋನ್ ಎಳೆದಿದ್ದರೆ ಆ ಫೋನ್ ಸಂಕೇತವನ್ನು ಕೆಡಿಸುತ್ತದೆ. ಫೋನ್ ರಿಂಗ್ ಆದಾಗಲೆಲ್ಲ ನೆಟ್ ಕಡಿದರೆ ಮೊದಲು ಸ್ಪ್ಲಿಟರ್ ನೋಡಿ, ನಂತರ ಜಾಯಿಂಟ್ ನೋಡಿ. ಹಳೆಯ ಎಕ್ಸ್‌ಟೆನ್ಶನ್‌ನ ತುದಿಯಲ್ಲಿ ಫೋನ್ ಇಲ್ಲದಿದ್ದರೂ, ನೇತಾಡುವ ಖಾಲಿ ತಂತಿಯ ತುದಿಗೆ ಬಡಿದು ಸಂಕೇತ ಹಿಂದಿರುಗಿ ಪ್ರತಿಧ್ವನಿಯಂತೆ ತೊಂದರೆ ಕೊಡುತ್ತದೆ. ಬೇಡವಾದ ತಂತಿಯನ್ನು ಮೂಲದಲ್ಲೇ ಬಿಡಿಸಿಬಿಡಿ. ಮೋಡೆಮ್ ಹಾಗೂ ಗೋಡೆಯ ನಡುವೆ ಚಪ್ಪಟೆ ಟೆಲಿಫೋನ್ ವೈರನ್ನು ಮಾರುಗಟ್ಟಲೆ ಎಳೆಯಬೇಡಿ. ಅದರ ಎಳೆಗಳು ಹೊಸೆದಿರುವುದಿಲ್ಲ.

ವೈಫೈ ಬೇರೆ ಮಾತು. ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಕಪಾಟು ದಾಟುವಾಗ ಅದು ಸೋಲುತ್ತದೆ. ಲೈನಿನ ದೋಷವೋ ವೈಫೈ ದೋಷವೋ ಎಂದು ತಿಳಿಯಲು ಒಮ್ಮೆ ಕಂಪ್ಯೂಟರನ್ನು ಕೇಬಲ್‌ನಿಂದ ನೇರವಾಗಿ ಮೋಡೆಮ್‌ಗೆ ಜೋಡಿಸಿ ನೋಡಿ.

ಕಳಿಸುವ ದಾರಿ ಕಿರಿದು

ಎಡಿಎಸ್‌ಎಲ್ ಹೆಸರಿನ ಮೊದಲ ಅಕ್ಷರದ ಅರ್ಥವೇ 'ಅಸಮಾನ'. ಎರಡೂ ದಿಕ್ಕಿಗೆ ಸಮಾನ ವೇಗ ಕೊಟ್ಟರೆ ಒಂದೇ ಕೇಬಲ್‌ನ ಎಳೆಗಳು ಪರಸ್ಪರ ಹೆಚ್ಚು ಗದ್ದಲ ಮಾಡುತ್ತವೆ. ಇಳಿಯುವ ದಾರಿಯನ್ನು ಅಗಲ ಮಾಡಿ, ಏರುವ ದಾರಿಯನ್ನು ಕಿರಿದು ಮಾಡಿದರೆ ಒಟ್ಟು ಲಾಭ ಎಂದು 1980ರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್ಲೈಡರ್ ಸೂಚಿಸಿದರು. ಮನೆಯವರು ನೋಡುವುದು ಹೆಚ್ಚು, ಕಳಿಸುವುದು ಕಡಿಮೆ ಎಂಬ ಊಹೆ ಇದರ ಹಿಂದಿತ್ತು.

ಆದರೆ ವಿದ್ಯಾರ್ಥಿಗೆ ಕಳಿಸುವುದೇ ಮುಖ್ಯ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಭಾವಚಿತ್ರ ಎಲ್ಲವನ್ನೂ ಏರಿಸಬೇಕು. ಏರುವ ವೇಗ 256 ಕೆಬಿಪಿಎಸ್ ಇದ್ದರೆ ಎರಡು ಮೆಗಾಬೈಟಿನ ಒಂದು ಸ್ಕ್ಯಾನ್ ಹೋಗಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ನಡುವೆ ಲೈನ್ ಒಮ್ಮೆ ಕಡಿದರೆ ಮತ್ತೆ ಮೊದಲಿನಿಂದ. ಅದೇ ಕಾಗದವನ್ನು ಕಪ್ಪು ಬಿಳುಪಿನಲ್ಲಿ, ಓದಲು ಬರುವಷ್ಟೇ ಗಾತ್ರದಲ್ಲಿ, ಇನ್ನೂರು ಕಿಲೋಬೈಟಿನ ಒಳಗೆ ಮಾಡಿಕೊಂಡರೆ ಆರೇಳು ಸೆಕೆಂಡಿನಲ್ಲಿ ಹೋಗುತ್ತದೆ. ವೇಗ ಹೆಚ್ಚಿಸಲು ಆಗದಿದ್ದಾಗ ಹೊರೆ ಇಳಿಸುವುದು ಜಾಣತನ. ಕೊನೆಯ ದಿನದ ಸಂಜೆಗೆ ಕಾಯದೆ ಬೆಳಗಿನ ಜಾವ ಕುಳಿತುಕೊಳ್ಳುವುದು ಅದಕ್ಕಿಂತ ಜಾಣತನ.

ಅಳೆದು ಹೇಳಿ

ಇನ್ನು ಪರೀಕ್ಷಿಸುವ ಕ್ರಮ. ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಬರೆದುಕೊಳ್ಳಿ.

ಒಂದು, ಮೋಡೆಮ್‌ನ ಒಳಪುಟ ತೆರೆಯಿರಿ. ಅಲ್ಲಿ ಲೈನ್ ಯಾವ ವೇಗಕ್ಕೆ ಒಪ್ಪಿಕೊಂಡಿದೆ ಎಂಬ ಸಂಖ್ಯೆ, ಅಟೆನ್ಯುಯೇಷನ್ ಮತ್ತು ಎಸ್‌ಎನ್‌ಆರ್ ಮಾರ್ಜಿನ್ ಎಂಬ ಅಂಕಿಗಳಿರುತ್ತವೆ. ಅಟೆನ್ಯುಯೇಷನ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಅದನ್ನು 14ರಿಂದ ಭಾಗಿಸಿದರೆ ತಂತಿಯ ಉದ್ದ ಸ್ಥೂಲವಾಗಿ ಸಿಗುತ್ತದೆ. ಮಾರ್ಜಿನ್ ಹೆಚ್ಚಿದ್ದಷ್ಟೂ ಒಳ್ಳೆಯದು. ಅದು 6 ಡೆಸಿಬಲ್‌ಗಿಂತ ಕೆಳಗಿಳಿದರೆ ಸಂಪರ್ಕ ಕಡಿಯುವ ಸಂಭವ ಹೆಚ್ಚು, 10ಕ್ಕಿಂತ ಮೇಲಿದ್ದರೆ ನೆಮ್ಮದಿ.

ಎರಡು, ಒಪ್ಪಿಕೊಂಡ ವೇಗವನ್ನೂ ಸ್ಪೀಡ್ ಟೆಸ್ಟ್‌ನ ವೇಗವನ್ನೂ ಹೋಲಿಸಿ. ಸ್ಪೀಡ್ ಟೆಸ್ಟ್ ಸ್ವಲ್ಪ ಕಡಿಮೆ ತೋರಿಸುವುದು ಸಹಜ. ಎಡಿಎಸ್‌ಎಲ್‌ನಲ್ಲಿ ಮಾಹಿತಿ 53 ಬೈಟಿನ ಪೊಟ್ಟಣಗಳಲ್ಲಿ ಸಾಗುತ್ತದೆ, ಅದರಲ್ಲಿ 5 ಬೈಟ್ ವಿಳಾಸಕ್ಕೇ ಹೋಗುತ್ತದೆ. ಆದರೆ ಲೈನ್ 4 ಎಂಬಿಪಿಎಸ್ ಒಪ್ಪಿಕೊಂಡು ಟೆಸ್ಟ್ ಅರ್ಧ ಎಂಬಿಪಿಎಸ್ ತೋರಿಸಿದರೆ ದೋಷ ತಂತಿಯಲ್ಲಿಲ್ಲ. ಅದು ಮನೆಯ ವೈಫೈಯಲ್ಲಿರಬಹುದು, ಎಕ್ಸ್‌ಚೇಂಜಿನಾಚೆ ಇರಬಹುದು, ಅಥವಾ ತಿಂಗಳ ಮಿತಿ ಮುಗಿದು ವೇಗ ಇಳಿಸಿರಬಹುದು. ಲೈನ್ ಒಪ್ಪಿಕೊಂಡ ವೇಗವೇ ಕಡಿಮೆಯಿದ್ದರೆ ದೋಷ ತಂತಿಯದು. ಆಗ ದೊಡ್ಡ ಪ್ಲಾನಿಗೆ ಕೊಡುವ ಹಣ ಪೂರ್ತಿ ವ್ಯರ್ಥ.

ಮೂರು, ರಿಸೀವರ್ ಎತ್ತಿ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತು ನಿಶ್ಶಬ್ದವಾಗಬೇಕು. ಚರಚರ ಸದ್ದು ಕೇಳಿಸಿದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ.

ನಾಲ್ಕು, ಎಲ್ಲ ಎಕ್ಸ್‌ಟೆನ್ಶನ್ ಬಿಡಿಸಿ, ಹೊರಗಿನ ತಂತಿ ಸೇರುವ ಮೊದಲ ಡಬ್ಬಿಗೇ ಮೋಡೆಮ್ ಜೋಡಿಸಿ ಮತ್ತೆ ಅಳೆಯಿರಿ. ವೇಗ ಹೆಚ್ಚಿದರೆ ದೋಷ ಮನೆಯೊಳಗೆ.

ಐದು, ಒಂದು ವಾರ ದಿನಕ್ಕೆ ಮೂರು ಬಾರಿ ಈ ಅಂಕಿಗಳನ್ನು ವಹಿಯಲ್ಲಿ ಬರೆದಿಡಿ. ಆ ದಿನ ಮಳೆ ಇತ್ತೇ ಎಂಬುದನ್ನೂ ಬರೆಯಿರಿ.

"ನೆಟ್ ಸ್ಲೋ ಇದೆ" ಎಂಬ ದೂರಿಗೆ ಯಾರೂ ಏನೂ ಮಾಡಲಾರರು. "ಬಿಸಿಲಿನ ದಿನ ಮಾರ್ಜಿನ್ 12, ಮಳೆಯ ದಿನ 4, ಮನೆಯೊಳಗಿನ ತಂತಿ ಪರೀಕ್ಷಿಸಿದ್ದೇವೆ" ಎಂದು ಬರೆದು ಕೊಟ್ಟರೆ ಲೈನ್‌ಮನ್‌ಗೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ. ಮಳೆಯಲ್ಲಿ ಕಂಬ ಹತ್ತುವ ಆ ಮನುಷ್ಯನ ಮೇಲೆ ಕೂಗಾಡುವುದಕ್ಕಿಂತ ಇದು ಸಭ್ಯವೂ ಹೌದು, ಪರಿಣಾಮಕಾರಿಯೂ ಹೌದು.

ತಾಮ್ರ ಹೋದರೂ ಪ್ರಶ್ನೆ ಉಳಿಯುತ್ತದೆ

ಈಗ ತಾಮ್ರದ ಜಾಗಕ್ಕೆ ಫೈಬರ್ ಬಂದಿದೆ, ಇನ್ನೂ ಬರುತ್ತಿದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆ 2011ರಲ್ಲಿ ಮಂಜೂರಾಗಿ, ನಂತರ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಫೈಬರ್‌ನಲ್ಲಿ ಬೆಳಕು ಕಿಲೋಮೀಟರಿಗೆ ಅರ್ಧ ಡೆಸಿಬಲ್‌ನಷ್ಟೂ ಕುಗ್ಗುವುದಿಲ್ಲ. ಇಪ್ಪತ್ತು ಕಿಲೋಮೀಟರ್ ದೂರದ ಮನೆಗೂ ಅದು ತಲುಪಬಲ್ಲದು. ಹಾಗಾದರೆ ತಾಮ್ರದ ಪಾಠ ಈಗೇಕೆ ಎಂದು ನೀವು ಕೇಳಬಹುದು.

ಫೈಬರ್‌ಗೂ ಜಾಯಿಂಟ್ ಇದೆ, ಅತಿಯಾಗಿ ಬಗ್ಗಿಸಿದರೆ ಬೆಳಕು ಸೋರುತ್ತದೆ, ಮರ ಬಿದ್ದರೆ ಕಡಿಯುತ್ತದೆ, ಮನೆಯೊಳಗೆ ಅದೇ ವೈಫೈ, ಅದೇ ಕಲ್ಲಿನ ಗೋಡೆ. ದೋಷ ಒಳಗೋ ಹೊರಗೋ, ತಂತಿಯಲ್ಲೋ ಅದರಾಚೆಯೋ ಎಂದು ವಿಂಗಡಿಸಿ ನೋಡುವ ಕ್ರಮ ಬದಲಾಗುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ತಾಮ್ರದ ಕಾಲದಲ್ಲಿ ಐದು ಕಿಲೋಮೀಟರಿನ ಆಚೆ ಉಳಿದವರು ಯಾರು ಎಂಬುದನ್ನು ನಾವು ಕಂಡಿದ್ದೇವೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ನಾಡೆಲ್ಲ ನೋಡಿತು. ಪೇಟೆಗೆ ಮೊದಲು, ಮಜಿರೆಗೆ ಕೊನೆಗೆ ಎಂಬ ಕ್ರಮ ಫೈಬರ್‌ನಲ್ಲೂ ಮುಂದುವರಿಯದಂತೆ ನೋಡಿಕೊಳ್ಳಬೇಕಾದರೆ ಅಂಕಿ ಅಂಶ ಹಿಡಿದು ಕೇಳಬಲ್ಲ ಯುವಕ ಯುವತಿಯರು ಬೇಕು.

ನಮ್ಮ ಸಂಸ್ಥೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ವಿದ್ಯಾರ್ಥಿವೇತನದ ಅರ್ಜಿಯ ದಿನಗಳಲ್ಲಿ ನಾಲ್ಕೂ ಊರುಗಳಲ್ಲಿ ಒಳ್ಳೆಯ ಸಂಪರ್ಕವಿರುವ ಒಂದೊಂದು ಕೋಣೆಯನ್ನು ಕೆಲವು ವಾರ ಮಕ್ಕಳಿಗಾಗಿ ತೆರೆದಿಡೋಣ. ಕಾಗದ ಸ್ಕ್ಯಾನ್ ಮಾಡಿ ಗಾತ್ರ ಇಳಿಸಿ ಕೊಡಲು ಕಾಲೇಜಿನ ಇಬ್ಬರು ಮಕ್ಕಳು ಅಲ್ಲಿ ಕುಳಿತರೆ ಸಾಕು. ಖರ್ಚು ಅಲ್ಪ, ಉಪಕಾರ ದೊಡ್ಡದು. ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ನಿಮ್ಮ ಮನೆಯ ಸಂಪರ್ಕ ತಾಮ್ರದ್ದಿರಲಿ, ಫೈಬರ್‌ದ್ದಿರಲಿ, ಈ ವಾರವೇ ಅದನ್ನು ಅಳೆಯಿರಿ, ವಹಿಯಲ್ಲಿ ಬರೆಯಿರಿ, ನಂತರ ಪಕ್ಕದ ಮನೆಯವರಿಗೂ ಅಳೆದು ಕೊಡಿ. ಕಲಿತ ವಿದ್ಯೆ ಹೀಗೆ ಓಣಿಗೆ ಉಪಯೋಗವಾಗಲಿ.